ಗುರಿಯ ಪಕ್ಕದ ಕೀಲಿ

ನಮ್ಮ ಮಾವನದೊಂದು ನಿಯಮವಿತ್ತು. ಬಂದೂಕು ಪರೀಕ್ಷೆಗೆಂದು ನೆಲಮಾಳಿಗೆಗೆ ಇಳಿದವರು ಮೊದಲು ಕಬ್ಬಿಣದ ಬಾಗಿಲಿಗೆ ಒಳಗಿನಿಂದ ಬೀಗ ಹಾಕಬೇಕು. ಆಮೇಲೆ ಆ ಕೀಲಿಯನ್ನು ಸುರಂಗದ ಆಚೆ ತುದಿಯವರೆಗೂ ಒಯ್ದು, ಗುರಿಹಲಗೆಯ ಪಕ್ಕದ ಮೊಳೆಗೆ ನೇತುಹಾಕಿ ಬರಬೇಕು. ಹೊರಗಿನವರು ಒಳಗೆ ಬರುವಂತಿಲ್ಲ. ಒಳಗಿನವರು ಬಂದೂಕು ಖಾಲಿ ಮಾಡಿ, ಅಷ್ಟುದ್ದ ನಡೆದು ಕೀಲಿ ತರದೆ ಹೊರಗೆ ಹೋಗುವಂತಿಲ್ಲ. ನನ್ನ ಮದುವೆಗೂ ಮುಂಚೆ ಒಂದು ದಿನ ನನ್ನ ಗಂಡ ಪರೀಕ್ಷೆಯ ನಡುವೆ ಚಹಾ ತಟ್ಟೆ ಹಿಡಿದು ಸೀದಾ ಒಳಗೆ ನುಗ್ಗಿದರಂತೆ, ಮಾವ ಬೆಚ್ಚಿಬಿದ್ದು ಗುಂಡು ಚಾವಣಿಗೆ ಹಾರಿತಂತೆ. ಆ ದಿನ ಹುಟ್ಟಿದ ನಿಯಮ. ಗಂಡ ಉಳಿದರು, ನಿಯಮವೂ ಉಳಿಯಿತು, ನನ್ನ ಗ್ರಹಚಾರಕ್ಕೆ ಎರಡೂ ನನಗೇ ಗಂಟುಬಿದ್ದವು.

ಮಾವ ಬಂದೂಕು ರಿಪೇರಿ ಮಾಡುವವರು. ಬೀದಿಯವರಿಗೆಲ್ಲ ಅವರು ಮೇಸ್ತ್ರಿ. ಗಂಡ ಮುಂದಿನ ಕೌಂಟರಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಕೂತು ಬಂದವರನ್ನು ಮಾತಾಡಿಸುತ್ತಾರೆ, ಅದಕ್ಕೇ ನಾನು ಅವರನ್ನು ಸಾಹೇಬರು ಅನ್ನುವುದು. ಒಳಗಿನ ಕೆಲಸವೆಲ್ಲ ಮಾವನದು ಮತ್ತು ನನ್ನದು. ಮದುವೆಯಾಗಿ ಬಂದ ಹೊಸದರಲ್ಲಿ ಮುರಿದ ಮಂಚದ ಕಾಲೊಂದನ್ನು ನಾನೇ ಕೆತ್ತಿ ಕೂರಿಸಿದ್ದನ್ನು ಮಾವ ನೋಡಿದರು, ಅಲ್ಲಿಗೆ ಮುಗಿಯಿತು ನನ್ನ ಕಥೆ. ಮೊದಲು ಬಂದೂಕಿನ ಮರದ ಹಿಡಿ ಕೆತ್ತಲು ಕೂರಿಸಿದರು. ಅದು ನನಗೆ ಪ್ರಾಣ. ಮರದ ಎಳೆ ಯಾವ ಕಡೆ ಓಡುತ್ತದೆ ಅಂತ ಬೆರಳಲ್ಲೇ ನೋಡುತ್ತಾ ಉಳಿ ಓಡಿಸುವಾಗ ನನಗೆ ಊಟದ ಹೊತ್ತೂ ತಿಳಿಯುವುದಿಲ್ಲ. ಈ ಹುಡುಗಿಯ ಕೈ ನಡುಗುವುದಿಲ್ಲ ಅಂತ ಗೊತ್ತಾದ ಮೇಲೆ ತೋಟಾಗಳಿಗೆ ಮದ್ದು ತುಂಬಲು ಹಚ್ಚಿದರು. ಅದೂ ಸರಿಹೋದ ಮೇಲೆ ನೆಲಮಾಳಿಗೆಗೆ ಇಳಿಸಿದರು. ಒಂದೊಂದು ಮೆಟ್ಟಿಲು ಕೆಳಗಿಳಿಸುವಾಗಲೂ ಅವರು ಅದನ್ನು ಬಡ್ತಿ ಅಂತಲೇ ತಿಳಿದಿದ್ದರು.

ಆ ಸುರಂಗದಲ್ಲಿ ಇಬ್ಬರು ಪಕ್ಕಪಕ್ಕ ನಿಂತರೆ ಹೆಗಲು ಗೋಡೆಗೆ ತಾಗುತ್ತದೆ. ಕೈ ಎತ್ತಿದರೆ ಚಾವಣಿ. ಕಿಟಕಿ ಇಲ್ಲ, ಅಡುಗೆಮನೆಗೆ ಹಾಕುವಂಥ ಒಂದು ಪುಟ್ಟ ಫ್ಯಾನು ಮಾತ್ರ ಮೂಲೆಯಲ್ಲಿ ಗೊಣಗುತ್ತಿರುತ್ತದೆ. ಬೀಗ ಹಾಕಿದ ಸದ್ದು ಕೇಳಿದರೆ ಸಾಕು, ನನ್ನ ಬೆನ್ನು ಬೆವರುತ್ತಿತ್ತು. ಕೀಲಿಯನ್ನು ಮೊಳೆಗೆ ಹಾಕಿ ಹಿಂದಿರುಗುವಾಗ, ಬೆನ್ನ ಹಿಂದೆ ಅದು ದೂರವಾಗುತ್ತಾ ಹೋಗುವುದು ಮೈಗೆಲ್ಲ ತಿಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಅಂತ ಮನೆಯಲ್ಲೆಲ್ಲ ನನಗೆ ಬಿರುದು ಇದೆ, ಆದರೆ ಮಾವನ ಮುಂದೆ ಮಾತ್ರ ನನ್ನ ಬಾಯಿಗೆ ಅದೆಂಥದೋ ಮಂಕು.

ಅವತ್ತು ಹೇಳಲೇಬೇಕಿತ್ತು. ಎದುರಿನ ಕಟ್ಟಡದ ಮೇಲ್ಮಹಡಿಯಲ್ಲಿ ಹಿಂದೆ ಫೋಟೋ ಸ್ಟುಡಿಯೋ ಇದ್ದ ಕೋಣೆ ಖಾಲಿಯಾಗಿತ್ತು. ಬಾಗಿಲಷ್ಟು ದೊಡ್ಡ ಕಿಟಕಿ, ಮಧ್ಯಾಹ್ನದವರೆಗೂ ಬೆಳಕು. ಕುರ್ಚಿ, ಮೇಜು, ಬಿರುಕು ಬಿಟ್ಟ ತಂತಿವಾದ್ಯ, ಯಾರದೇ ಮರದ ಸಾಮಾನಿದ್ದರೂ ಅಲ್ಲಿ ಕೂತು ಸರಿಮಾಡಿಕೊಂಡಿರಬೇಕು ಅನ್ನುವುದು ನನ್ನ ಆಸೆ. ಕೋಣೆಯ ಯಜಮಾನಿ ಟೈಲರಮ್ಮ ನನಗಾಗಿ ತಡೆದಿಟ್ಟುಕೊಂಡಿದ್ದಳು. "ಇವತ್ತು ಸಂಜೆ ಹೂಂ ಅಥವಾ ಊಹೂಂ ಅಂದುಬಿಡು ಮಾರಾಯ್ತಿ, ಟ್ಯೂಷನ್ ನಡೆಸೋರು ದಿನಾ ಬಂದು ಬಾಗಿಲು ತಟ್ತಾರೆ" ಅಂದಿದ್ದಳು. ಆ ಕಿಟಕಿಗೆ ಇದ್ದ ದೋಷ ಒಂದೇ. ಅದು ನೇರವಾಗಿ ನಮ್ಮ ಅಂಗಡಿಯ ಬೋರ್ಡಿಗೆ ತೆರೆಯುತ್ತಿತ್ತು.

ಗಂಡನಿಗೆ ಮೊದಲೇ ಹೇಳಿದ್ದೆ. "ನಂಗೇನೂ ಅಡ್ಡಿಯಿಲ್ಲಪ್ಪ" ಅಂದರು. "ಹಾಗಾದ್ರೆ ನೀವೇ ಮಾವನ ಕಿವಿಗೆ ಹಾಕ್ರೀ" ಅಂದೆ. ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು, "ನಿನ್ನ ವಿಷಯ ನೀನೇ ಹೇಳಿದ್ರೆ ಚೆಂದ" ಅಂತ ಪೇಪರಿನ ಹಿಂದೆ ಮಾಯವಾದರು. ಇಂಥವರನ್ನು ಕಟ್ಟಿಕೊಂಡು ನಾನು ಸುರಂಗಕ್ಕೆ ಹೆದರುತ್ತೇನೆ ನೋಡಿ.

ಈ ನಡುವೆ ಹಲ್ಲಿನ ಡಾಕ್ಟರ್ ತಮ್ಮ ಅಜ್ಜನ ರೈಫಲ್ ತಂದುಕೊಟ್ಟಿದ್ದರು. ಕರಿಮದ್ದಿನ ಕಾಲದ್ದು, ಒನಕೆಯಷ್ಟು ಭಾರ, ಉದ್ದ ನಳಿಗೆ. ಅದರಲ್ಲಿ ಈಗಿನ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ಚೂರುಚೂರಾಗುತ್ತದೆ, ಕರಿಮದ್ದೇ ಆಗಬೇಕು. "ಅಜ್ಜ ಹೊಡೀತಿದ್ದ ಸದ್ದು ಒಂದ್ಸಲ ಕೇಳ್ಬೇಕು ಮೇಸ್ತ್ರಿಗಳೇ, ಒಂದು ಸ್ಕ್ರೂ ಕೂಡ ಬದಲಾಯಿಸ್ಬೇಡಿ" ಅಂದಿದ್ದರು. ಮಾವ ತಮ್ಮ ಜೀವಮಾನದಲ್ಲಿ ಕರಿಮದ್ದು ತುಂಬಿದವರಲ್ಲ. ಆದರೆ ರೈಫಲ್ ಕೈಗೆ ಬಂದದ್ದೇ ತಡ, ಹೊಸ ಬೂಟು ಸಿಕ್ಕ ಮಗುವಿನ ಹಾಗೆ ಆಗಿಬಿಟ್ಟರು.

ಡಾಕ್ಟರ್ ಜೊತೆಯಲ್ಲೇ ಅಜ್ಜನ ಕಾಲದ ಒಂದು ತೋಟಾವನ್ನೂ ಹತ್ತಿಯಲ್ಲಿ ಸುತ್ತಿ ತಂದಿದ್ದರು. ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ. ಒಂದಿಷ್ಟೂ ಸದ್ದಿಲ್ಲ. ನಾವು ತುಂಬಿದ್ದನ್ನು ಅಲುಗಾಡಿಸಿದರೆ ಒಳಗೆ ಮದ್ದು ಸರಸರ ಅನ್ನುತ್ತಿತ್ತು, ಯಾಕೆಂದರೆ ಮಾವ ಹಿತ್ತಾಳೆಯ ಕೊಳವೆಗೆ ಅರ್ಧದಷ್ಟೇ ಹಾಕಿಸಿದ್ದರು. ಹೊಗೆಯಿಲ್ಲದ ಮದ್ದಿನಲ್ಲಿ ಕೈ ಪಳಗಿದವರ ಪದ್ಧತಿ ಅದು. ಗೊತ್ತಿಲ್ಲದ ಬಂದೂಕಿಗೆ ಕಡಿಮೆಯಿಂದ ಶುರುಮಾಡು, ನೋಡಿಕೊಂಡು ಏರಿಸು. ಆ ಎಚ್ಚರಿಕೆಯಿಂದಲೇ ಮಾವನ ಹತ್ತು ಬೆರಳೂ ಇವತ್ತಿಗೂ ಜಾಗದಲ್ಲಿವೆ.

"ಮಾವ, ಹಳೇದು ಅಲುಗೋದೇ ಇಲ್ಲ. ನಮ್ಮದು ಗಿಲಕಿ ಆಗಿದೆ" ಅಂದೆ.

"ಹಳೇದು ಕಣಮ್ಮ, ಒಳಗೆ ಮದ್ದು ಕಟ್ಟಿಕೊಂಡಿರತ್ತೆ. ಮೊದಲ್ನೇ ಸಲ ಯಾರಾದ್ರೂ ಗಂಟಲವರೆಗೆ ತುಂಬ್ತಾರಾ? ಮೆತ್ತಗೆ ಹೋಗೋಣ."

ನಾನು ಜಗ್ಗಾಡಲಿಲ್ಲ. ಸಾಮಾನ್ಯ ದಿನವಾಗಿದ್ದರೆ ಜಗ್ಗಾಡುತ್ತಿದ್ದೆ. ಅವತ್ತು ನನ್ನಲ್ಲಿದ್ದ ಧೈರ್ಯವನ್ನೆಲ್ಲ ಆ ಒಂದು ಮಾತಿಗೆ ಅಂತ ಕೂಡಿಟ್ಟುಕೊಂಡಿದ್ದೆ, ತೋಟಾಗಾಗಿ ಖರ್ಚು ಮಾಡಲು ಮನಸ್ಸಾಗಲಿಲ್ಲ.

ಕೆಳಗೆ ಇಳಿಯುವ ಮುಂಚೆ ಹೇಳಿಬಿಡೋಣ ಅಂತ, "ಮಾವ, ಒಂದು ವಿಷಯ" ಅಂದೆ. ಅವರು, "ನಂದೂ ಒಂದು ವಿಷಯ ಇದೆ, ನಂದು ಮೊದಲು" ಅಂತ ಕೆಲಸದ ಮೇಜಿನ ಹಿಂದಿನಿಂದ ಒಂದು ಹಲಗೆ ಎಳೆದರು. ಅಂಗಡಿಗೆ ಹೊಸ ಬೋರ್ಡು. ಹಸಿರು ಹಿನ್ನೆಲೆ, ದಪ್ಪ ಬಿಳಿ ಅಕ್ಷರ: ಮಾವ ಮತ್ತು ಸೊಸೆ. ಕೆಳಗೆ ಸಣ್ಣದಾಗಿ, ಬಂದೂಕು ರಿಪೇರಿ.

"ಮುಟ್ಟಬೇಡ, ಅಕ್ಷರ ಇನ್ನೂ ಹಸಿ" ಅಂದರು. ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು.

ಕೌಂಟರಿನಿಂದ ಕತ್ತು ಚಾಚಿ ನೋಡಿದ ಸಾಹೇಬರು, "ಅಪ್ಪಾ, ಮಗ ಎಲ್ಲಿ?" ಅಂದರು. "ನಿಂಗೆ ಕೌಂಟರ್ ಇದೆಯಲ್ಲೋ, ಅದನ್ನ ಬಿಸಿ ಇಟ್ಕೋ ಸಾಕು" ಅಂದರು ಮಾವ. ಡಾಕ್ಟರ್ ಬಂದರೆ ಕೂರಿಸಲು ಹೇಳಿ, ನನ್ನತ್ತ ತಿರುಗಿ, "ನಿಂದೇನಮ್ಮ ವಿಷಯ?" ಅಂದರು.

"ಏನಿಲ್ಲ ಮಾವ, ಬೆಳಿಗ್ಗೆ ಹೊತ್ತು ಬೇರೆ ಮರಗೆಲಸ ಏನಾದ್ರೂ ಒಪ್ಕೊಳ್ಳೋಣ ಅಂತಿದ್ದೆ. ಅರ್ಧ ದಿನ ಅಷ್ಟೇ. ಮಧ್ಯಾಹ್ನ ಇಲ್ಲೇ ಇರ್ತೀನಿ."

"ಅರ್ಧ ದಿನಾನಾ? ನೋಡೋಣ ನೋಡೋಣ, ಮೊದಲು ಇದನ್ನ ಹೊಡೆಯೋಣ ಬಾ" ಅಂತ ಮೆಟ್ಟಿಲಿಳಿದರು. ನಾನು ಹೇಳಿದ್ದೇನು, ಹೇಳಬೇಕಾಗಿದ್ದದ್ದೇನು. ನನ್ನ ಮೇಲೇ ನನಗೆ ಸಿಟ್ಟು ಬಂತು.

ಬೀಗ ಹಾಕಿದೆ. ಕೀಲಿ ಒಯ್ದು ಮೊಳೆಗೆ ನೇತುಹಾಕಿ ಬಂದೆ. ಮಾವ ರೈಫಲನ್ನು ಕಬ್ಬಿಣದ ಸ್ಟ್ಯಾಂಡಿಗೆ ತಿರುಪು ಹಾಕಿ ಬಿಗಿದಿದ್ದರು. ಹೊಸ ಮದ್ದಿನ ಪರೀಕ್ಷೆಯನ್ನು ಅವರು ಹೆಗಲಿಗಿಟ್ಟು ಮಾಡುವುದಿಲ್ಲ. ಟ್ರಿಗರಿಗೆ ಹಗ್ಗ ಕಟ್ಟಿ, ಬಾಗಿಲ ಹತ್ತಿರ ನಿಲ್ಲಿಸಿದ ದಪ್ಪ ತಗಡಿನ ಮರೆಯಿಂದ ಎಳೆಯುತ್ತಾರೆ. ತಗಡಿಗೂ ಬಾಗಿಲಿಗೂ ನಡುವೆ ಇಬ್ಬರು ನಿಲ್ಲುವಷ್ಟು ಜಾಗ, ಬೀರುವಿನೊಳಗೆ ನಿಂತ ಹಾಗೆ. ಇಬ್ಬರೂ ಕಿವಿಗೆ ಮುಚ್ಚಳ ಹಾಕಿಕೊಂಡೆವು.

ಮಾವ ಹಗ್ಗ ಎಳೆದರು. ಢಮ್ ಅನ್ನುತ್ತದೆ ಅಂತ ನಾನು ಹಲ್ಲು ಕಚ್ಚಿಕೊಂಡಿದ್ದೆ. ಅದು ಧುಪ್ ಅಂದಿತು, ಯಾರೋ ಹಾಸಿಗೆಗೆ ಬಡಿದ ಹಾಗೆ. ಅದರ ಹಿಂದೆಯೇ ಹೊಗೆ ಬಂತು. ಅಬ್ಬಬ್ಬಾ, ಅಷ್ಟು ಸಣ್ಣ ಕೊಳವೆಯಲ್ಲಿ ಅಷ್ಟೊಂದು ಹೊಗೆ ಎಲ್ಲಿತ್ತೋ! ಬೆಳ್ಳಗೆ, ಮಂದವಾಗಿ, ಕೊಳೆತ ಮೊಟ್ಟೆಯ ನಾತದೊಂದಿಗೆ ಉರುಳುರುಳಿಕೊಂಡು ತಗಡಿನ ಎರಡೂ ಕಡೆಯಿಂದ ನಮ್ಮತ್ತ ಬಂತು. ಗುರಿಯ ಹತ್ತಿರದ ದೀಪ ಮೊದಲು ಮಂಕಾಯಿತು, ಆಮೇಲೆ ಕಾಣಲೇ ಇಲ್ಲ. ಇಷ್ಟು ವರ್ಷ ಹೊಗೆಯಿಲ್ಲದ ಮದ್ದು ಹೊಡೆದ ನಮಗೆ, ಕರಿಮದ್ದು ಹೊಗೆಯಾಡುತ್ತದೆ ಅಂತ ಬಾಯಲ್ಲಿ ಗೊತ್ತಿತ್ತೇ ಹೊರತು ತಲೆಗೆ ಹೋಗಿರಲಿಲ್ಲ.

ಮಾವ ಮುಚ್ಚಳ ಸರಿಸಿ ನಕ್ಕರು. ನಕ್ಕಿದ್ದು ಕೆಮ್ಮಾಯಿತು. "ನೋಡಿದ್ಯಾ ಅಜ್ಜನ ಪ್ರತಾಪ!"

"ಹೊಗೆ ಹೋಗ್ಲಿ ಮಾವ, ಆಮೇಲೆ ಹೊಡೆಯೋಣ."

"ಗುರಿ ನೋಡೋಕೇನಿದೆ, ಸ್ಟ್ಯಾಂಡಲ್ಲಿ ಬಿಗಿದಿದೆಯಲ್ಲ. ಇನ್ನೊಂದು ಹಾಕು. ಇನ್ನೊಂದೇ."

ನಾನು ಉಸಿರು ಹಿಡಿದು ಹೋಗಿ, ಸುಟ್ಟ ಕೊಳವೆ ತೆಗೆದು, ಇನ್ನೊಂದು ತೋಟಾ ಹಾಕಿ, ಕುದುರೆ ಎತ್ತಿಟ್ಟು ಬಂದೆ. ಸುತ್ತಿಗೆಯಂತೆ ಬಡಿದು ತೋಟಾ ಹೊತ್ತಿಸುವ ಭಾಗಕ್ಕೆ ನಮ್ಮಲ್ಲಿ ಕುದುರೆ ಅನ್ನುತ್ತಾರೆ. ಮಾವ ಹಗ್ಗ ಎಳೆದರು.

ಟಕ್.

ಅಷ್ಟೇ. ಕುದುರೆ ಬಡಿದಿತ್ತು, ಮದ್ದು ಹೊತ್ತಿಕೊಂಡಿರಲಿಲ್ಲ. ಇನ್ನು ಹೊತ್ತಿಕೊಳ್ಳುವುದೇ ಇಲ್ಲವೋ, ಒಳಗೆಲ್ಲೋ ಕಿಡಿ ಮಲಗಿದ್ದು ಆಮೇಲೆ ಎದ್ದೀತೋ ಯಾರು ಹೇಳಬೇಕು. ಅಂಥ ಹೊತ್ತಿನಲ್ಲಿ ಬಂದೂಕನ್ನು ತೆರೆಯಬಾರದು, ಅದರ ಬಾಯಿಯ ಮುಂದೆ ಹಾಯಬಾರದು. ಸುಮ್ಮನೆ ಕಾಯಬೇಕು. ಎಷ್ಟು ಹೊತ್ತು ಅನ್ನುವುದು ಹೊಸ ಮದ್ದಿಗಾದರೆ ಮಾವನಿಗೆ ಗೊತ್ತು. ಇದಕ್ಕೆ ಎಷ್ಟು ಅಂತ ಕೇಳಿದರೆ ಅವರು ಗೊತ್ತಿಲ್ಲ ಅಂತ ತಲೆಯಾಡಿಸಿದರು.

ಆಗ ನನಗೆ ಕೀಲಿ ನೆನಪಾಯಿತು. ಕೀಲಿ ಇದ್ದದ್ದು ಆ ತುದಿಯಲ್ಲಿ, ಗುರಿಯ ಪಕ್ಕದಲ್ಲಿ. ರೈಫಲಿನ ಬಾಯಿ ತಿರುಗಿದ್ದದ್ದು ಅದೇ ಕಡೆಗೆ. ನಡುವೆ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಆಗಿದ್ದ ಹೊಗೆ. ಯಾರ ಜೀವವೂ ಹೋಗಬಾರದು ಅಂತ ಮಾಡಿದ ನಿಯಮ ನಮ್ಮಿಬ್ಬರನ್ನೂ ಬೀರುವಿನಷ್ಟು ಜಾಗದಲ್ಲಿ ನಿಲ್ಲಿಸಿ ಬೀಗ ಜಡಿದಿತ್ತು.

ನಾನು ತಿರುಗಿ ಬಾಗಿಲು ಬಡಿದೆ. ಎರಡು ಕೈಯಲ್ಲೂ ಬಡಿದೆ. "ರೀ! ರೀ, ಕೇಳಿಸ್ತಾ?" ಮೇಲಿನಿಂದ ರೇಡಿಯೋ ಹಾಡು ತೇಲಿಬರುತ್ತಿತ್ತು. ಕೆಳಗಿನಿಂದ ಢಣಢಣ ಸದ್ದು ಬಂದರೆ ಪರೀಕ್ಷೆ ಜೋರಾಗಿ ನಡೆಯುತ್ತಿದೆ ಅಂತ ನಮ್ಮ ಸಾಹೇಬರ ತಿಳಿವಳಿಕೆ. ಕೇಳಿಸಿದರೂ ಏನು ಮಾಡಿಯಾರು? ಇದ್ದದ್ದು ಒಂದೇ ಕೀಲಿ.

"ಸುಮ್ನಿರಮ್ಮ. ಕಾಯೋದು ಬಿಟ್ರೆ ಬೇರೆ ದಾರಿ ಇಲ್ಲ" ಅಂದರು ಮಾವ. ಅನ್ನುವಷ್ಟರಲ್ಲಿ ಕೆಮ್ಮು ಹಿಡಿಯಿತು. ಅವರ ಎದೆ ಮೊದಲಿನಿಂದಲೂ ಗಟ್ಟಿಯಿಲ್ಲ. ಗೋಡೆ ಹಿಡಿದು ಬಗ್ಗಿ, ಮುಖ ಕೆಂಪಗೆ ಮಾಡಿಕೊಂಡು ಕೆಮ್ಮಿದರು. ನನ್ನ ಸೆರಗನ್ನು ಅವರ ಮೂಗಿಗೆ ಒತ್ತಿ ಹಿಡಿದೆ. ಕೆಳಗೆ ಹೊಗೆ ಸ್ವಲ್ಪ ತೆಳ್ಳಗಿತ್ತು, ಅವರನ್ನು ನೆಲಕ್ಕೆ ಕೂರಿಸಿ ನಾನೂ ಕೂತೆ. ಮಂಡಿಗೆ ಮಂಡಿ ತಾಗುತ್ತಿತ್ತು.

"ನಾನು ತೆವಳಿಕೊಂಡು ಹೋಗಿ ಕೀಲಿ ತರ್ತೀನಿ. ಗುಂಡು ಹಾರಿದ್ರೂ ತಲೆ ಮೇಲೆ ಹೋಗತ್ತೆ" ಅಂದೆ.

"ಹುಚ್ಚು ಹಿಡಿದಿದೆಯಾ? ಕೂತ್ಕೋ."

"ನಿಮ್ಮ ಉಸಿರು ನೋಡ್ಕೊಳ್ಳಿ ಮಾವ."

"ನನ್ನ ಉಸಿರು ನಂದು. ಬಂದೂಕಿನ ಮುಂದೆ ಹೋದ್ರೆ ನಿನ್ನ ಕಾಲು ಮುರೀತೀನಿ." ಹೇಳಿದವರು ತಾವೇ ಎದ್ದು ಆ ಕಡೆ ಹೊರಟರು. ನಾನು ಅಂಗಿ ಹಿಡಿದು ಎಳೆದೆ. ಅಂಗಿಯ ಗುಂಡಿ ಕಿತ್ತು ಬಂತು. ದೊಪ್ಪೆಂದು ಕೂತರು. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತೆವು. ಅವರು ಹೋಗದಂತೆ ನಾನು, ನಾನು ಹೋಗದಂತೆ ಅವರು. ನನಗೆ ಅನ್ನಿಸಿತು, ಇಷ್ಟು ವರ್ಷವೂ ನಾವು ಹೀಗೆಯೇ ಕೂತಿದ್ದೆವಲ್ಲ.

ಗೋಡೆ ಹತ್ತಿರ ಬಂದ ಹಾಗೆ, ಚಾವಣಿ ತಗ್ಗಿದ ಹಾಗೆ. ಕೈಬೆರಳು ಜೋಮು ಹಿಡಿಯಿತು. ಮಾವ ನನ್ನ ಕೈ ಹಿಡಿದು ನೋಡಿದರು.

"ಇದೇನಿದು, ನಿನ್ನ ಕೈ ನಡುಗ್ತಿದೆಯಲ್ಲಾ? ಒಂದು ಟಕ್ ಅಂದಿದ್ದಕ್ಕೆ ಇಷ್ಟು ಹೆದರ್ತಾರಾ? ನಾನು ಪಕ್ಕದಲ್ಲೇ ಇದೀನಲ್ಲ."

ಆ ಮಾತಿಗೆ ನನ್ನ ತಲೆ ಕೆಟ್ಟಿತು. "ನೀವು ಪಕ್ಕದಲ್ಲಿರೋದೇ ಕಷ್ಟ ಮಾವ!" ಅಂದುಬಿಟ್ಟೆ. "ಬಂದೂಕಿಗೆ ಯಾರು ಹೆದರ್ತಾರೆ? ಈ ಬಿಲಕ್ಕೆ ಹೆದರ್ತೀನಿ. ಮೊದಲ್ನೇ ದಿನದಿಂದ ಹೆದರ್ತೀನಿ. ಬೀಗ ಬಿದ್ರೆ ನಂಗೆ ಉಸಿರು ಕಟ್ಟತ್ತೆ. ನೀವು ಶಹಬ್ಬಾಸ್ ಅಂತೀರಿ, ನಾನು ಇನ್ನೊಂದು ಮೆಟ್ಟಿಲು ಇಳೀತೀನಿ. ನೀವು ಬೈದಿದ್ರೆ ಯಾವತ್ತೋ ಎದ್ದು ಹೋಗ್ತಿದ್ದೆ. ಬೈಯೋದೇ ಇಲ್ವಲ್ಲ ನೀವು! ಅರ್ಧ ದಿನ ಅಂದಿದ್ದು ಸುಳ್ಳು. ನಂಗೆ ಎದುರಿನ ಕೋಣೆ ಬೇಕು. ಮರ ಬೇಕು, ಕಿಟಕಿ ಬೇಕು. ಪೂರ್ತಿ ಹೋಗ್ತೀನಿ. ಇನ್ನು ಕೆಳಗೆ ಇಳಿಯೋದಿಲ್ಲ."

ಹೇಳಿ ಮುಗಿಸಿದಾಗ ಅಳುತ್ತಿದ್ದೆ. ಅದಕ್ಕೆ ಹೊಗೆ ಕಾರಣ ಅಂತ ಹೇಳಿಕೊಳ್ಳಬಹುದಿತ್ತು, ಹೇಳಿಕೊಳ್ಳಲಿಲ್ಲ.

ಮಾವ ಸೆರಗಿನ ತುದಿಯನ್ನು ಮೂಗಿನಿಂದ ತೆಗೆದು ನನ್ನ ಮಡಿಲಿಗೆ ಇಟ್ಟರು. ಫ್ಯಾನು ಗೊಣಗುತ್ತಿತ್ತು. ಹೊಗೆಯಲ್ಲಿ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಕಂಡಿದ್ದರೆ ನಾನು ಹೇಳಿದ್ದನ್ನೆಲ್ಲ ವಾಪಸ್ ತೆಗೆದುಕೊಂಡುಬಿಡುತ್ತಿದ್ದೆನೋ ಏನೋ.

"ಬೋರ್ಡು ಬರೆಸಿಬಿಟ್ಟೆನಲ್ಲಮ್ಮ" ಅಂದರು ಕೊನೆಗೆ.

ಹೊಗೆ ತೆಳ್ಳಗಾಗುತ್ತಾ ಬಂತು. ರೈಫಲಿನ ಬೆನ್ನು ಕಂಡಿತು, ಆಮೇಲೆ ದೀಪ ಹಳದಿ ಚುಕ್ಕೆಯಾಗಿ ಕಂಡಿತು. ಮಾವ ಎದ್ದರು. "ಇನ್ನು ಹೊತ್ತಿಕೊಳ್ಳಲ್ಲ. ನೀನು ತಗಡಿನ ಹಿಂದೇ ಇರು" ಅಂತ ಹೋಗಿ, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಕೈ ಮಾತ್ರ ಚಾಚಿ ರೈಫಲ್ ತೆರೆದರು. ತೋಟಾ ಹೊರಗೆ ಬಂತು. ತಳದ ಮೇಲೆ ಕುದುರೆ ಬಡಿದ ಗುರುತು ಇತ್ತೋ ಇಲ್ಲವೋ ಅನ್ನುವಷ್ಟು ತೆಳುವಾಗಿತ್ತು. ಡಾಕ್ಟರು ಬದಲಾಯಿಸಬೇಡಿ ಅಂದಿದ್ದ ಅಜ್ಜನ ಕಾಲದ ಸ್ಪ್ರಿಂಗು ಸೋತುಹೋಗಿತ್ತು.

ಮಾವ ತೋಟಾವನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಸರಸರ. ಇನ್ನೊಮ್ಮೆ ಅಲುಗಾಡಿಸಿದರು. ಅವರ ಮುಖ ಬಿಳಿಚಿಕೊಂಡಿತು.

"ನಂಗೆ ಕೆಲಸ ಕಲಿಸಿದವರು ಒಂದು ಮಾತು ಹೇಳ್ತಿದ್ರು. ಕರಿಮದ್ದಿಗೂ ಗುಂಡಿಗೂ ನಡುವೆ ಗಾಳಿ ಬಿಡಬೇಡ, ನಳಿಗೆ ಉಬ್ಬಿ ಹಾಳಾಗತ್ತೆ ಅಂತ. ಮುದುಕರ ಮಾತು ಅಂತ ಕಿವಿಗೇ ಹಾಕ್ಕೊಂಡಿರ್ಲಿಲ್ಲ. ಅಜ್ಜನ ತೋಟಾ ಕಟ್ಟಿಕೊಂಡಿದ್ದಲ್ಲ ಕಣೇ, ತುಂಬಿದ್ದು." ನಳಿಗೆಯ ಉದ್ದಕ್ಕೂ ಬೆರಳು ಓಡಿಸಿದರು, ಮತ್ತೆ ಓಡಿಸಿದರು. "ಸದ್ಯ, ಉಬ್ಬಿಲ್ಲ. ಮೆತ್ತಗೆ ಹೋಗೋಣ ಅಂತ ಅರ್ಧ ತುಂಬಿದೆ ನೋಡು, ಅದೇ ತಪ್ಪಾಯ್ತು."

ನಾನು ಗೋಡೆ ಸವರಿಕೊಂಡು ಹೋಗಿ ಕೀಲಿ ತೆಗೆದೆ. ಮೊಳೆಯ ಹತ್ತಿರ ನಿಂತು ತಿರುಗಿದಾಗ ಉಳಿದ ಹೊಗೆಯಲ್ಲಿ ಮಾವ ಮಸುಕಾಗಿ ಕಂಡರು, ರೈಫಲಿನ ಪಕ್ಕದಲ್ಲಿ, ಗುಂಡಿ ಕಿತ್ತ ಅಂಗಿಯಲ್ಲಿ, ಸಣ್ಣಗೆ. ಅಷ್ಟು ಸಣ್ಣವರು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಓಡಿಬಂದು ಬಾಗಿಲು ತೆಗೆದೆ.

ಮೆಟ್ಟಿಲ ಮೇಲೆ ನಮ್ಮ ಸಾಹೇಬರು ಚಹಾ ತಟ್ಟೆ ಹಿಡಿದು ನಿಂತಿದ್ದರು, ನಮ್ಮನ್ನು ನೋಡಿ ಇಂಗು ತಿಂದ ಮಂಗನ ಹಾಗೆ ಕಣ್ಣು ಬಿಟ್ಟರು. "ಇದೇನ್ರೀ ಇಬ್ರೂ ಒಲೆಯೊಳಗಿಂದ ಎದ್ದು ಬಂದಂಗಿದೀರಿ! ನಾನು ಬಾಗಿಲು ತಟ್ಟಲಿಲ್ಲಪ್ಪ, ನಿಯಮ ಇದೆಯಲ್ಲ ಅಂತ." ನಾನು ಒಂದು ಲೋಟ ಎತ್ತಿಕೊಂಡು ಗಟಗಟ ಕುಡಿದೆ. ತಣ್ಣಗಾಗಿತ್ತು.

ಡಾಕ್ಟರ್ ಆಗಲೇ ಬಂದು ಕಾಯುತ್ತಿದ್ದರು. ಮಾವ ಅವರಿಗೆ ಎಲ್ಲವನ್ನೂ ಹೇಳಿದರು, ತಾವು ಅರ್ಧ ತುಂಬಿದ್ದನ್ನೂ ಹೇಳಿದರು. ಸ್ಪ್ರಿಂಗು ಬದಲಾಯಿಸಲೇಬೇಕು ಅಂದರು. ಡಾಕ್ಟರ್, "ಹಲ್ಲು ಅಲ್ಲಾಡಿದ್ರೆ ನಾನೂ ಕೀಳಿಸಲೇಬೇಕು ಅಂತೀನಿ" ಅಂತ ಒಪ್ಪಿದರು. ಮಾವ ಸ್ಪ್ರಿಂಗು ಕೂರಿಸುವಷ್ಟರಲ್ಲಿ ನಾನು ಅರ್ಧ ತುಂಬಿದವನ್ನೆಲ್ಲ ಬಿಚ್ಚಿ ಹೊಸದಾಗಿ ತುಂಬಿದೆ. ಉದ್ದನೆಯ ಆಲಿಕೆಯಿಂದ ಮದ್ದನ್ನು ನಿಧಾನವಾಗಿ ಹಿತ್ತಾಳೆಯ ಕೊಳವೆಗೆ ಸುರಿದು ಕೂರಲು ಬಿಟ್ಟೆ, ಮೇಲೆ ರಟ್ಟಿನ ಬಿಲ್ಲೆ ಇಟ್ಟು ಒತ್ತಿದೆ, ಸೀಸದ ಗುಂಡನ್ನು ಅದಕ್ಕೆ ತಾಗುವಂತೆ ಕೂರಿಸಿದೆ. ಅಲುಗಾಡಿಸಿದರೆ ಸದ್ದಿಲ್ಲ. ಮಾವ ಒಂದೊಂದನ್ನೂ ಕಿವಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡರು.

ನಾನು ಎದ್ದೆ. "ಬೇಡ" ಅಂದರು. "ಕೆಳಗೆ ಇಳಿಯೋದಿಲ್ಲ ಅಂದ್ಯಲ್ಲ. ಬಾಗಿಲು ತೆಗೆದೇ ಹೊಡೀತೀನಿ. ನೀನು ಮೆಟ್ಟಿಲ ಮೇಲೆ ನಿಂತು ಯಾರನ್ನೂ ಬಿಡಬೇಡ. ಮುಖ್ಯವಾಗಿ ಚಹಾದವನನ್ನ."

ಕೀಲಿ ಬೀಗದಲ್ಲೇ ನೇತಾಡುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೈ ಅಡ್ಡ ಚಾಚಿ ನಿಂತೆ. ಈ ಸಲ ಅದು ಧುಪ್ ಅನ್ನಲಿಲ್ಲ. ಅಂಗಡಿಯ ಗಾಜುಗಳೆಲ್ಲ ಅದುರಿದವು, ರೇಡಿಯೋ ಕೂಡ ಒಂದು ಗಳಿಗೆ ಬಾಯಿ ಮುಚ್ಚಿದ ಹಾಗಾಯಿತು. ಹೊಗೆ ಮೆಟ್ಟಿಲು ಹತ್ತಿ ಬಂದು, ಅಂಗಡಿ ದಾಟಿ, ಬೀದಿಗೆ ಹೋಯಿತು. ಡಾಕ್ಟರ್ ಕೈಯಲ್ಲಿ ಬಾಯಿ ಮುಚ್ಚಿಕೊಂಡು, "ಇದೇ, ಇದೇ ಸದ್ದು" ಅಂತ ಕಣ್ಣೊರೆಸಿಕೊಂಡರು. ಮಾವ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಮೇಲೆ ಬಂದರು. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ.

ಡಾಕ್ಟರ್ ಹೋದ ಮೇಲೆ ಮಾವ ಬೋರ್ಡನ್ನು ಮೇಜಿನ ಮೇಲೆ ಮಲಗಿಸಿದರು. ಬಟ್ಟೆ ಚೂರೊಂದನ್ನು ಟರ್ಪೆಂಟೈನಿನಲ್ಲಿ ಅದ್ದಿದರು. "ಒಣಗೋಕೆ ಮುಂಚೆ ಹೇಳಿದೆ, ಒಳ್ಳೇದಾಯ್ತು. ಒಣಗಿದ್ರೆ ಕೆರೆದು ತೆಗೀಬೇಕಿತ್ತು" ಅಂದರು. ಸೊಸೆ ಅನ್ನುವುದನ್ನು ಅಕ್ಷರ ಅಕ್ಷರವಾಗಿ ಒ‌ರೆಸಿದರು, ಹಸಿರು ಬಣ್ಣಕ್ಕೆ ಗಾಯವಾಗದಂತೆ, ನಳಿಗೆ ಒರೆಸುವಷ್ಟೇ ನಾಜೂಕಾಗಿ. ಅಲ್ಲಿಗೆ ನಿಲ್ಲಿಸಿ ಬಟ್ಟೆ ಕೆಳಗಿಟ್ಟರು.

ಸಾಹೇಬರು ಬಗ್ಗಿ ಓದಿದರು. "ಮಾವ ಮತ್ತು. ಅಪ್ಪಾ, ಮತ್ತು ಏನು? ಅದನ್ನೂ ಒರೆಸು."

"ಇರ್ಲಿ ಬಿಡು."

ನನಗೆ ತಡೆಯಲಾಗಲಿಲ್ಲ. "ನಡುವೆ ಖಾಲಿ ಬಿಡಬಾರದು ಅಂತ ಈಗ ತಾನೇ ಹೇಳಿದ್ರಲ್ಲ ಮಾವ" ಅಂದೆ.

"ಅದು ಬಂದೂಕಿಗೆ" ಅಂದರು ಮಾವ. "ನೀನು ಹೋಗು, ಟೈಲರಮ್ಮ ಕಾಯ್ತಿರ್ತಾಳೆ. ಹೋಗೋದಾದ್ರೆ ಪೂರ್ತಿ ಹೋಗು. ಅರ್ಧ ದಿನದ ಮಾತು ಇನ್ನೊಂದ್ಸಲ ಎತ್ತಬೇಡ."

ನಾನು ಹೋದೆ. ಈಗ ಆ ಕೋಣೆ ನನ್ನದು. ಮರದ ಸಿಪ್ಪೆಯ ವಾಸನೆ, ಬೆಳಿಗ್ಗೆಯೆಲ್ಲ ಬೆಳಕು, ಬಾಗಿಲಿಗೆ ಚಿಲಕ ಕೂಡ ಹಾಕುವುದಿಲ್ಲ. ಕೈತುಂಬ ಕೆಲಸ ಇದೆ. ಎದುರಿಗೆ ನಮ್ಮ ಅಂಗಡಿಯ ಮೇಲೆ ಹಸಿರು ಬೋರ್ಡು ತೂಗುತ್ತಿದೆ: ಮಾವ ಮತ್ತು. ಆಮೇಲೆ ಹಸಿರು ಖಾಲಿ ಜಾಗ. ಬಂದ ಗಿರಾಕಿಗಳೆಲ್ಲ ಕತ್ತೆತ್ತಿ ಓದಿ, "ಮತ್ತು ಯಾರು ಮೇಸ್ತ್ರಿಗಳೇ?" ಅಂತ ಕೇಳಿಯೇ ಕೇಳುತ್ತಾರೆ. ಮಾವ ತಲೆ ಎತ್ತುವುದಿಲ್ಲ. ಕೈಯಲ್ಲಿದ್ದ ಅರದಿಂದ ಬೀದಿಯಾಚೆ, ನನ್ನ ಕಿಟಕಿಯ ಕಡೆ ತೋರಿಸಿ ಮತ್ತೆ ಉಜ್ಜಲು ಶುರುಮಾಡುತ್ತಾರೆ. ಗಾಳಿ ಬೇಕು ಅಂತ ಜಗಳವಾಡಿ ಹಿಡಿದ ಕೋಣೆ ಇದು. ಎಷ್ಟೋ ದಿನ ಆ ಖಾಲಿ ಜಾಗ ಕಾಣದಿರಲಿ ಅಂತ ಕಿಟಕಿ ಮುಚ್ಚಿಕೊಂಡು ಕೆಲಸ ಮಾಡುತ್ತೇನೆ.